ಚಿಕ್ಕತ್ತೆಗೆ ಕೇಳಿಸಿದ್ದು

ನಮ್ಮ ಮನೆಗೂ ಚಿಕ್ಕತ್ತೆಯ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ತಟ್ಟೆ ಬಿದ್ದರೆ ಈ ಕಡೆ ಬೆಚ್ಚಿಬೀಳುತ್ತೇವೆ. ಆದರೂ ಹತ್ತೊಂಬತ್ತು ವರ್ಷ ಎರಡು ಮನೆಗಳ ನಡುವೆ ಒಂದೇ ಒಂದು ಮಾತು ಓಡಾಡಿರಲಿಲ್ಲ. ನಾನು ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಪಕ್ಕದ ಬಾಗಿಲಿನತ್ತ ಗದ್ದ ಎತ್ತಿ, "ಆ ಮನೆಯವಳು ಎದುರು ಬಂದ್ರೆ ನೀನು ದಾರಿ ಬಿಡಬೇಡ. ಬೇಕಾದ್ರೆ ಅವಳೇ ಬಿಡಲಿ" ಎಂದಿದ್ದರು.

ಅತ್ತೆ, ಚಿಕ್ಕತ್ತೆ ಅಣ್ಣತಮ್ಮಂದಿರನ್ನು ಮದುವೆಯಾದ ವಾರಗಿತ್ತಿಯರು. ಒಂದು ಕಾಲಕ್ಕೆ ಇದು ಒಂದೇ ಮನೆ, ಒಂದೇ ಒಲೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಮನೆಯಲ್ಲಿ ಮಾತಾಡಿದರೂ ದೂರದೂರಿಗೆ ಕೂಗಿ ಹೇಳಿದಂತೆ ಇರುತ್ತಿದ್ದರಿಂದ ಬೀದಿಯವರು ಅವರಿಗೆ 'ಟ್ರಂಕ್‌ಕಾಲ್' ಎಂದು ಹೆಸರಿಟ್ಟಿದ್ದರು. ಚಿಕ್ಕತ್ತೆ ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ. ಇಪ್ಪತ್ತೇಳನೇ ವಯಸ್ಸಿಗೆ ಸೇರಿ ಮೂವತ್ತೊಂದು ವರ್ಷ ಅದೇ ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ, ಇಳಿಸಿ, ತೊಳೆದು, ಬಟ್ಟೆ ಬದಲಾಯಿಸಿದವರು. ಅಲ್ಲಿ ಅವರನ್ನು 'ಮೆಣಸಿನಕಾಯಿ' ಎನ್ನುತ್ತಿದ್ದರಂತೆ. ಹೌಸ್ ಸರ್ಜನ್‌ಗಳು ಅವರ ಬಾಯಿಗೆ ಹೆದರಿ ರೌಂಡ್ಸ್‌ಗೆ ಮೊದಲು ಕೈ ತೊಳೆಯುತ್ತಿದ್ದರಂತೆ.

ಜಗಳ ಹುಟ್ಟಿದ್ದು ಆಸ್ತಿಗಲ್ಲ, ಅಡುಗೆಮನೆಗಲ್ಲ. ಚಿಕ್ಕತ್ತೆಯ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಅವರಿಗೆ ಎದೆಯ ಕಾಯಿಲೆ ಬಂದು ಎಂಟು ತಿಂಗಳು ನಡುಮನೆಯ ಮಂಚ ಹಿಡಿದರು. ಮಕ್ಕಳಿರಲಿಲ್ಲ. ರಾತ್ರಿಯೆಲ್ಲ ನರಳುತ್ತಿದ್ದರು. ಅತ್ತೆಗೆ ಆಗ ಬೆಳಗಿನ ಆರರ ಡ್ಯೂಟಿ. ಒಂದು ದಿನ ಎದ್ದು ಬಂದವರೇ ಮಂಚದ ಹತ್ತಿರ ನಿಂತು, "ಸಾಯೋದಾದ್ರೆ ಬೇಗ ಸಾಯಬಾರದಾ? ಮನೇಲಿ ದುಡಿಯೋರು ಮಲಗೋದು ಬೇಡ್ವಾ?" ಎಂದುಬಿಟ್ಟರು. ಅವರ ದನಿ ಗೊತ್ತಲ್ಲ, ಇಡೀ ಬೀದಿಗೆ ಕೇಳಿಸಿತು. ಆಮೇಲೆ ಚಿಕ್ಕತ್ತೆಯ ಗಂಡ ಹನ್ನೊಂದು ದಿನ ಬದುಕಿದ್ದರು. ಆ ಹನ್ನೊಂದು ದಿನವೂ ದನಿ ಹೊರಗೆ ಬರಬಾರದೆಂದು ಬಾಯಿಗೆ ಟವೆಲು ಕಚ್ಚಿಕೊಂಡು ಮಲಗಿದರಂತೆ. ಅವರು ಹೋದ ಮೂರನೇ ವಾರಕ್ಕೆ ಚಿಕ್ಕತ್ತೆ ಗಾರೆಯವನನ್ನು ಕರೆಸಿ, ಎರಡು ಭಾಗದ ನಡುವೆ ಇದ್ದ ಬಾಗಿಲನ್ನು ಇಟ್ಟಿಗೆ ಇಟ್ಟು ಮುಚ್ಚಿಸಿದರು. "ಬೆಳಕೂ ದಾಟಬಾರದು, ಹಾಗೆ ಮುಚ್ಚು" ಎಂದು ಪಕ್ಕದಲ್ಲೇ ನಿಂತು ಹೇಳಿದರಂತೆ.

ಇಷ್ಟೂ ನನಗೆ ಗೊತ್ತಾಗಿದ್ದು ಬೇರೆಯವರ ಬಾಯಿಂದ. ಅತ್ತೆ ಈ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತುವ ಹೊತ್ತು ಬಂದಾಗ ಅವರಿಗೆ ಮರೆವು ಶುರುವಾಗಿತ್ತು.

ಮೊದಮೊದಲು ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಿದ್ದರು. ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಅದನ್ನೊಂದು ತಮಾಷೆ ಮಾಡಿಕೊಂಡು ನಗುತ್ತಿದ್ದೆವು. ಆಮೇಲೆ ಮಗನನ್ನು 'ನೀವು' ಅನ್ನತೊಡಗಿದರು. ನನ್ನನ್ನು ಎಕ್ಸ್‌ಚೇಂಜಿನ ಹೊಸ ಹುಡುಗಿ ಅಂದುಕೊಂಡು, "ಲೈನ್ ಬ್ಯುಸಿ ಇದೆ ಅಂತ ಹೇಳಮ್ಮ, ಸುಮ್ನೆ ಬಾಯಿ ಬಿಟ್ಕೊಂಡು ಕೂತಿದ್ದೀಯ" ಎಂದು ಗದರುತ್ತಿದ್ದರು. ನಾಲ್ಕು ವರ್ಷ ಹೀಗೇ ಇಳಿಯುತ್ತಾ ಬಂದರು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಫೋನ್ ಬರುತ್ತದೆ, ಓಡಬೇಕು. ಹಾಗಾಗಿ ಅತ್ತೆಯ ಸ್ನಾನ, ಊಟ, ಬಟ್ಟೆ, ಬಾತ್‌ರೂಮು ಎಲ್ಲವೂ ನನ್ನ ಪಾಲು.

ಒಂದು ಶನಿವಾರ ಬೆಳಿಗ್ಗೆ ಸ್ನಾನ ಮುಗಿದರೂ ಅತ್ತೆ ಸ್ಟೂಲಿನಿಂದ ಏಳಲಿಲ್ಲ. ಅಂಗಡಿಗೆ ಆಗಲೇ ಹೊತ್ತಾಗಿತ್ತು. ಏಳಿ ಅಂದೆ, ಬೇಡಿಕೊಂಡೆ, ಗದರಿದೆ. ಅವರು ನಲ್ಲಿಯನ್ನೇ ನೋಡುತ್ತ ಕೂತಿದ್ದರು. ನಾನು ಎಡಗೈ ಹಿಡಿದು ಜಗ್ಗಿದೆ. ಜೋರಾಗಿಯೇ ಜಗ್ಗಿದೆ. ಅರ್ಧ ಎದ್ದವರು ಕಾಲು ಜಾರಿ, ನೀರಿನ ತೊಟ್ಟಿಯ ಅಂಚಿಗೆ ಎಡಭುಜ ಬಡಿದು ಕುಸಿದರು. ಒಮ್ಮೆ ಕಿರುಚಿದರು. ಎತ್ತಿ ಕೂರಿಸಿ, ಒರೆಸಿ, ಬಟ್ಟೆ ಹಾಕುವಷ್ಟರಲ್ಲಿ ಸುಮ್ಮನಾಗಿದ್ದರು. "ನೋವಾಯ್ತಾ?" ಎಂದು ಕೇಳಿದೆ. "ಯಾವ ಊರಿಗೆ ಬೇಕು?" ಎಂದರು. ರಕ್ತ ಬಂದಿರಲಿಲ್ಲ. ನಾನು ಅಂಗಡಿಗೆ ಹೋದೆ. ಗಂಡನಿಗೆ ಹೇಳಲಿಲ್ಲ.

ಕೂಗು ಶುರುವಾಗಿದ್ದು ಅದರ ಮಾರನೇ ದಿನದಿಂದ.

ಅತ್ತೆಯ ದನಿ ಅಷ್ಟು ವರ್ಷ ಎಲ್ಲಿ ಅಡಗಿತ್ತೋ, ಪೂರ್ತಿ ವಾಪಸ್ ಬಂತು. ಸ್ನಾನಕ್ಕೆ ಕರೆದೊಯ್ದರೆ ಕೂಗು, ನೈಟಿ ತೆಗೆದರೆ ಕೂಗು, ತೊಡಿಸಿದರೆ ಕೂಗು. ಒಂದು ದಿನ ನನ್ನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದರು. ಹಲ್ಲಿನ ಗುರುತು ಹದಿನೈದು ದಿನ ಇತ್ತು. ರಾತ್ರಿಯಂತೂ ಮಗ್ಗುಲು ಬದಲಾಯಿಸಿದಾಗಲೆಲ್ಲ ಚೀರುತ್ತಿದ್ದರು. ಭುಜ, ತೋಳೆಲ್ಲ ಕಪ್ಪಾಗಿದ್ದು ನನಗೆ ಕಂಡಿತ್ತು. ವಯಸ್ಸಾದವರ ಚರ್ಮ, ಮುಟ್ಟಿದರೆ ಕಪ್ಪಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರೆವಿಗೆ ತೋರಿಸುತ್ತಿದ್ದ ಡಾಕ್ಟರಿಗೆ ನನ್ನ ಗಂಡ ಫೋನ್ ಮಾಡಿದರು. "ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ" ಎಂದು ಡಾಕ್ಟರು ನಿದ್ದೆಯ ಮಾತ್ರೆ ಬರೆದರು. ವಾರದ ಮೇಲೆ ಇನ್ನೊಂದು ಸೇರಿಸಿದರು. ಅದರಿಂದ ಅತ್ತೆ ಹಗಲೆಲ್ಲ ಬಾಯಿ ತೆರೆದು ಕುರ್ಚಿಯಲ್ಲಿ ಜೋತುಬಿದ್ದಿರುತ್ತಿದ್ದರು. ಕತ್ತಲಾದರೆ ಮತ್ತೆ ಅದೇ. ಊಟ ಕಡಿಮೆಯಾಯಿತು. ನನಗಂತೂ ನಿಂತಲ್ಲೇ ನಿದ್ದೆ ಬರುತ್ತಿತ್ತು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ಅತ್ತೆಯನ್ನು ದ್ವೇಷಿಸುತ್ತಿದ್ದೆ. ಬೇಕೆಂದೇ ಮಾಡುತ್ತಾರೆ ಅನಿಸುತ್ತಿತ್ತು.

ಮೂರನೇ ವಾರ ಒಂದು ಬೆಳಿಗ್ಗೆ ಯಾರೋ ಬಾಗಿಲನ್ನು ಅಂಗೈಯಿಂದ ಬಡಿದರು. ತೆರೆದರೆ ಚಿಕ್ಕತ್ತೆ. ಹತ್ತೊಂಬತ್ತು ವರ್ಷದಲ್ಲಿ ಅವರು ನಮ್ಮ ಹೊಸ್ತಿಲ ಹತ್ತಿರ ಬಂದದ್ದು ಅದೇ ಮೊದಲು. ಕಣ್ಣು ಕೆಂಪಗಾಗಿದ್ದವು.

"ಅವಳ ಬಾಯಿ ಮುಚ್ಚಿಸ್ತೀರೋ ಇಲ್ವೋ?"

ನನ್ನ ಗಂಡ ಒಳಗಿನಿಂದ ಬಂದರು. "ಕಾಯಿಲೆ ಚಿಕ್ಕಮ್ಮ. ಡಾಕ್ಟರೇ ಹೇಳಿದ್ದಾರೆ, ಮರೆವು ಜಾಸ್ತಿಯಾದ್ರೆ ಹೀಗೇ ಕೂಗ್ತಾರಂತೆ."

"ಮರೆವಿಗೆ ಯಾರೂ ಹಾಗೆ ಕೂಗಲ್ಲ. ಅದು ನೋವಿನ ಕೂಗು."

"ಗೋಡೆಯಾಚೆ ಕೂತ್ಕೊಂಡು ನಿಮಗೆ ಗೊತ್ತಾಗೋಯ್ತಾ?"

"ಮೂವತ್ತೊಂದು ವರ್ಷ ಕೇಳಿದ್ದೀನಿ ಕಣೋ. ಹೆದರಿ ಕೂಗೋದು ಬೇರೆ, ಸಿಟ್ಟಿಗೆ ಕೂಗೋದು ಬೇರೆ, ಮೂಳೆ ಅಲುಗಾಡಿದಾಗ ಕೂಗೋದು ಬೇರೆ."

ನನ್ನ ಗಂಡನಿಗೆ ರೇಗಿತು. ಅವರೂ ಹಿಂದಿನ ದಿನ ನಾಲ್ಕು ಗಂಟೆ ಒಂದು ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನಿಂತು ಬಂದಿದ್ದರು. "ಇಷ್ಟು ವರ್ಷ ಇಲ್ಲದ ಅಕ್ಕರೆ ಈಗ್ಯಾಕೆ? ನಮ್ಮಮ್ಮನ್ನ ನೋಡ್ಕೊಳ್ಳೋದು ನಮಗೆ ಗೊತ್ತು."

"ಅಕ್ಕರೆನಾ? ಅವಳ ಮೇಲಾ?" ಚಿಕ್ಕತ್ತೆ ನಕ್ಕರು, ಆ ನಗುವಿನಲ್ಲಿ ಸ್ವಲ್ಪವೂ ನಗುವಿರಲಿಲ್ಲ. "ನನಗೆ ನಿದ್ದೆ ಬೇಕು. ಅಷ್ಟೇ ನನ್ನ ಲಾಭ."

ಬಾಗಿಲು ಮುಖಕ್ಕೆ ಹಾಕಿದ್ದು ನನ್ನ ಗಂಡ. ಆದರೆ ಒಳಗೊಳಗೆ ಬಾಗಿಲು ಹಾಕಿದ್ದು ನಾನು. 'ಮೂಳೆ' ಎಂಬ ಮಾತು ಕೇಳಿದ ಕ್ಷಣದಿಂದ ನೀರಿನ ತೊಟ್ಟಿಯ ಅಂಚೇ ನನ್ನ ಕಣ್ಣ ಮುಂದೆ ಇತ್ತು.

ನಾಲ್ಕು ದಿನ ಬಿಟ್ಟು, ನನ್ನ ಗಂಡ ಕೆಲಸಕ್ಕೆ ಹೋದದ್ದು ನೋಡಿಕೊಂಡು ಚಿಕ್ಕತ್ತೆ ಮತ್ತೆ ಬಂದರು. ಈ ಸಲ ಕೇಳಲೂ ಇಲ್ಲ, ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದರು. ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ. ಅದರ ಹಿಂಬದಿಯಲ್ಲಿ ನಾಲ್ಕು ದಿನದ ಕೂಗನ್ನು ಹೊತ್ತು ಹೊತ್ತಿಗೆ ಬರೆದಿದ್ದರು. ಬೆಳಿಗ್ಗೆ ಆರೂವರೆಗೆ, ಬಾತ್‌ರೂಮಿನಲ್ಲಿ. ಏಳಕ್ಕೆ, ಬಟ್ಟೆ ಹಾಕುವಾಗ. ಮಧ್ಯಾಹ್ನ ಇಲ್ಲ. ಸಂಜೆ ಒಮ್ಮೆ. ರಾತ್ರಿ ಮಂಚ ಕಿರುಗುಟ್ಟಿದ ಮೇಲೆ.

"ಊಟ ಮಾಡಿಸುವಾಗ ಕೂಗಲ್ಲ. ತಲೆ ಬಾಚುವಾಗ ಕೂಗ್ತಾಳಾ?"

"ಇಲ್ಲ."

"ಮೈ ಮೇಲಿಂದ ಬಟ್ಟೆ ಹೋಗುವಾಗ, ಬರುವಾಗ. ಮಗ್ಗುಲಾದಾಗ. ತಲೆ ಕೆಟ್ಟು ಕೂಗೋಳಾದ್ರೆ ಇಷ್ಟು ಲೆಕ್ಕ ಇಟ್ಕೊಂಡು ಕೂಗ್ತಾಳಾ? ಎಲ್ಲಿ ಅವಳು?"

ಅತ್ತೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಚಿಕ್ಕತ್ತೆ ಅವರನ್ನು ಮುಟ್ಟಲಿಲ್ಲ. ಎದುರಿಗೆ ನೆಲದ ಮೇಲೆ ಕೂತು ಹತ್ತು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, "ಹಣೆ ನೋಡು" ಎಂದರು. ಅತ್ತೆ ನಿದ್ದೆಯಲ್ಲೂ ಹುಬ್ಬು ಗಂಟಿಕ್ಕಿದ್ದರು. "ಬಲಗೈ ಎಲ್ಲಿದೆ ನೋಡು." ಬಲಗೈ ಎಡಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿದಿತ್ತು, ಮಗುವನ್ನು ಹಿಡಿದ ಹಾಗೆ. ಮೂರು ವಾರದಿಂದ ನಾನು ದಿನಾ ನೋಡುತ್ತಿದ್ದೆ. ಕಂಡಿರಲಿಲ್ಲ.

ಚಿಕ್ಕತ್ತೆ ಅತ್ತೆಯ ಎಡಗೈಯ ಬೆರಳುಗಳಿಂದ ಶುರುಮಾಡಿ ಮೆಲ್ಲಗೆ ಮೇಲಕ್ಕೆ ಬಂದರು. ಮಣಿಕಟ್ಟು, ಮೊಣಕೈ. ಭುಜದ ಕೆಳಗೆ ಬರುತ್ತಿದ್ದಂತೆ ಅತ್ತೆ ಕಣ್ಣು ತೆರೆಯದೆ ಬಾಯಿ ಮಾತ್ರ ತೆರೆದರು. ಆ ಕೂಗಿಗೆ ನಾನು ಕಿವಿ ಮುಚ್ಚಿಕೊಂಡೆ. ಚಿಕ್ಕತ್ತೆ ನೈಟಿಯ ಕತ್ತನ್ನು ಸರಿಸಿದರು. ಭುಜದಿಂದ ತೋಳಿನ ಒಳಗಿನವರೆಗೆ ಚರ್ಮ ಹಳದಿ, ಹಸಿರು ಬಣ್ಣಕ್ಕೆ ತಿರುಗಿತ್ತು.

"ಯಾವಾಗ ಬಿದ್ಲು?"

"ಬಿದ್ದಿಲ್ಲ ಚಿಕ್ಕತ್ತೆ."

"ಇನ್ನೊಂದು ಸಲ ಸುಳ್ಳು ಹೇಳಿದ್ರೆ ಕೆನ್ನೆಗೆ ಬಾರಿಸ್ತೀನಿ."

ಹೇಳಿದೆ. ಸ್ಟೂಲು, ತೊಟ್ಟಿ, ಜಗ್ಗಿದ್ದು, ಅಂಗಡಿಗೆ ಹೋದದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಚಿಕ್ಕತ್ತೆ ಸಮಾಧಾನ ಮಾಡಲಿಲ್ಲ.

"ಅಳೋದು ಆಮೇಲೆ. ಹೇಳ್ಕೊಳ್ಳೋಕ್ಕೆ ನಿನಗೆ ಬಾಯಿ ಇದೆ, ಅವಳಿಗೆ ಅದೂ ಇಲ್ಲ. ಗಾಡಿ ಕರಿ."

ಚಿಕ್ಕತ್ತೆ ತನ್ನ ಹಳೆಯ ಆಸ್ಪತ್ರೆಗೇ ಕರೆದೊಯ್ದರು. ಅಲ್ಲಿ ಈಗ ಅವರ ಗುರುತಿನವರು ಯಾರೂ ಇರಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರು ಅತ್ತೆಯ ಹಳೆಯ ಚೀಟಿಗಳನ್ನು ತಿರುವಿ ಹಾಕಿ, "ಇವರಿಗೆ ಮರೆವಿನ ಕಾಯಿಲೆ. ಇಂಥವರು ಕೂಗೋದು, ಹೊಡೆಯೋದು ಇರೋದೇ. ನಿದ್ದೆ ಮಾತ್ರೆ ಕೊಡ್ತಿದ್ದೀರಲ್ಲ?" ಎಂದರು.

"ಚೀಟಿ ನೋಡಿದ್ದು ಸಾಕು, ಅವಳನ್ನ ನೋಡಿ" ಎಂದರು ಚಿಕ್ಕತ್ತೆ.

"ನೀವು ಯಾರಮ್ಮ?"

"ನೀವು ಹುಟ್ಟೋ ಮುಂಚೆಯಿಂದ ಇದೇ ವಾರ್ಡಲ್ಲಿ ಇದ್ದವಳು. ಎಕ್ಸ್‌ರೇ ಬರೀರಿ. ಮೂಳೆ ಸರಿಯಾಗಿದ್ರೆ ಎಲ್ಲರೆದುರು ನಿಮ್ಮ ಕಾಲು ಹಿಡೀತೀನಿ."

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿದರು. ಡಾಕ್ಟರ ಮುಖ ಕೆಂಪಗಾಯಿತು. ಬರೆದುಕೊಟ್ಟರು. ಎರಡು ಗಂಟೆ ಕಾದ ಮೇಲೆ ಫಿಲ್ಮು ಬಂತು. ಎಡತೋಳಿನ ಮೂಳೆ, ಭುಜಕ್ಕೆ ಸೇರುವ ಜಾಗದಲ್ಲೇ ಮುರಿದು, ತುಸು ಓರೆಯಾಗಿ ಒಂದರೊಳಗೊಂದು ಕಚ್ಚಿಕೊಂಡು ಅರ್ಧ ಕೂಡಿತ್ತು. ಡಾಕ್ಟರು ಈಗ ಮೆತ್ತಗಾದರು. ಆಪರೇಷನ್ ಬೇಡ, ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಅಲುಗಾಡದಂತೆ ಇಟ್ಟರೆ ಕೂಡುತ್ತದೆ ಎಂದರು. ಮಾತ್ರೆ ಬರೆದು, "ನೋವು ಅಂದಾಗ ಕೊಡಿ" ಎಂದರು.

"ನೋವು ಅಂತ ಹೇಳಕ್ಕೆ ಬಂದಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ? ಹೊತ್ತು ಹಾಕಿ ಬರೀರಿ. ಹೇಳಲಿ ಬಿಡಲಿ, ಹೊತ್ತಿಗೆ ಬೀಳಬೇಕು."

ಡಾಕ್ಟರು ಹೊತ್ತು ಹಾಕಿ ಬರೆದರು. ನಿದ್ದೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸದೆ ವಾರ ವಾರ ಇಳಿಸುವಂತೆ ಇನ್ನೊಂದು ಚೀಟಿಯಲ್ಲಿ ಬರೆದರು. ಆ ಕೆಲಸ ಅವರು ಚೆನ್ನಾಗಿಯೇ ಮಾಡಿದರು, ಸುಳ್ಳು ಹೇಳಬಾರದು.

ಸಂಜೆ ನನ್ನ ಗಂಡ ಬಂದಾಗ ಅತ್ತೆಯ ಕೈ ಜೋಳಿಗೆಯಲ್ಲಿತ್ತು. ನಾನೇ ಹೇಳಿದೆ. ಕೇಳಿ ಅವರು ಕೈಯಲ್ಲಿದ್ದ ಚೀಲ ಕೆಳಗಿಟ್ಟರು. ಆಮೇಲೆ, "ಮೂರು ವಾರ" ಎಂದರು. "ಮೂರು ವಾರ ನನ್ನ ಪಕ್ಕದಲ್ಲಿ ಮಲಗಿದ್ದೀಯ. ಅಮ್ಮ ಅಲ್ಲಿ ಕೂಗ್ತಿದ್ಲು, ನೀನು ಇಲ್ಲಿ ಬಾಯಿ ಮುಚ್ಕೊಂಡು ಮಲಗಿದ್ದೀಯ. ಮನುಷ್ಯಳಾ ನೀನು?"

ಚಿಕ್ಕತ್ತೆ ಆಗಿನ್ನೂ ಅಲ್ಲೇ ಇದ್ದರು. ನನ್ನ ಪರ ನಿಲ್ಲುತ್ತಾರೆಂದು ನಾನು ಅಂದುಕೊಂಡಿರಲಿಲ್ಲ, ಅವರು ನಿಲ್ಲಲೂ ಇಲ್ಲ. "ಇವಳು ಮಾಡಿದ್ದು ತಪ್ಪೇ" ಎಂದರು. "ನಿನ್ನನ್ನ ಒಂದು ಮಾತು ಕೇಳ್ತೀನಿ. ಈ ವರ್ಷ ನಿಮ್ಮಮ್ಮನಿಗೆ ನೀನು ಎಷ್ಟು ಸಲ ಸ್ನಾನ ಮಾಡಿಸಿದ್ದೀಯ?"

ಅವರು ಅತ್ತೆಯ ಜೋಳಿಗೆಯತ್ತ ನೋಡಿದರು.

"ಒಂದು ಸಲ ಮಾಡಿಸಿದ್ರೂ ಆ ಕಪ್ಪು ನಿನಗೆ ಕಾಣ್ತಿತ್ತು. ಕಂಡಿಲ್ಲ ಅಂದ್ರೆ ಇಬ್ಬರೂ ಒಂದೇ ತಕ್ಕಡಿ. ಬಾಯಿ ಮುಚ್ಕೊಂಡಿರು."

ಅವತ್ತಿನಿಂದ ನನ್ನ ಗಂಡ ಎರಡು ತಿಂಗಳು ನನ್ನೊಂದಿಗೆ ಉಪ್ಪು ತಾ, ಬಾಗಿಲು ಹಾಕು ಎನ್ನುವುದು ಬಿಟ್ಟು ಬೇರೇನೂ ಮಾತಾಡಲಿಲ್ಲ. ಆದರೆ ಭಾನುವಾರದ ಸ್ನಾನ ಅವರೇ ಮಾಡಿಸತೊಡಗಿದರು.

ಚಿಕ್ಕತ್ತೆ ದಿನಕ್ಕೆ ಮೂರು ಹೊತ್ತು ಬರುತ್ತಿದ್ದರು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತು. ಗಡಿಯಾರ ತಪ್ಪಿದರೂ ಅವರು ತಪ್ಪುತ್ತಿರಲಿಲ್ಲ. ಮಾತ್ರೆ ನಮ್ಮ ಕೈಗೆ ಕೊಡಲೂ ಇಲ್ಲ; "ನಿಮ್ಮನ್ನ ನಂಬಿ ಕೆಟ್ಟಿದ್ದು ಸಾಕು" ಎಂದು ಡಬ್ಬಿಯನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ನನ್ನ ಗಂಡ ಒಮ್ಮೆ, ನಡುಗೋಡೆಯಲ್ಲಿ ಮತ್ತೆ ಬಾಗಿಲು ತೆಗೆಸಿದರೆ ಓಡಾಡಲು ಸಲೀಸು ಎಂದರು. "ಒಂದು ಇಟ್ಟಿಗೆ ಮುಟ್ಟಿ ನೋಡು" ಎಂದರು ಚಿಕ್ಕತ್ತೆ. ಬಾಗಿಲು ಇವತ್ತಿಗೂ ಇಲ್ಲ.

ಬಟ್ಟೆ ಹಾಕುವುದನ್ನು ನನಗೆ ಬೈದು ಬೈದೇ ಕಲಿಸಿದರು. ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಒಳ್ಳೆಯ ಕೈ ಮೊದಲು. ತಲೆಯ ಮೇಲಿಂದ ಎಳೆಯುವ ನೈಟಿಗಳನ್ನೆಲ್ಲ ಮುಂದೆ ಕತ್ತರಿಸಿ ಗುಂಡಿ ಹೊಲಿಸಿದರು. ಹಗಲು ಮಲಗಲು ಬಿಡಕೂಡದೆಂದು ಅತ್ತೆಯನ್ನು ಬೆಳಗಿನ ಬಿಸಿಲಿಗೆ ಮೆಟ್ಟಿಲ ಮೇಲೆ ಕೂರಿಸುತ್ತಿದ್ದರು. ಮಲಗಿದಾಗ ಎಡತೋಳಿನ ಕೆಳಗೆ ಮಡಚಿದ ಟವೆಲು. "ತಲೆ ಕೆಟ್ಟೋರಿಗೆ ನೋವು ಗೊತ್ತಾಗಲ್ಲ ಅಂತ ಯಾವನು ಹೇಳಿದ್ದು?" ಎಂದು ನನ್ನ ಮೇಲೆ ಹರಿಹಾಯುತ್ತಿದ್ದರು. "ಯಾಕೆ ನೋಯ್ತಿದೆ ಅಂತ ಗೊತ್ತಾಗಲ್ಲ, ಯಾವಾಗ ನಿಲ್ಲುತ್ತೆ ಅಂತ ಗೊತ್ತಾಗಲ್ಲ. ನೋವು ಮಾತ್ರ ಗೊತ್ತಾಗುತ್ತೆ. ಅದಕ್ಕಿಂತ ನರಕ ಬೇಕಾ?"

ಆರನೇ ರಾತ್ರಿ ನನಗೆ ಎಚ್ಚರವಾಯಿತು. ಮನೆ ನಿಶ್ಶಬ್ದವಾಗಿತ್ತು. ಅತ್ತೆ ಹೋಗೇಬಿಟ್ಟರು ಎಂದುಕೊಂಡು ಓಡಿದೆ. ಅವರು ಬಾಯಿ ಮುಚ್ಚಿಕೊಂಡು, ಹಣೆ ಸಡಿಲ ಬಿಟ್ಟುಕೊಂಡು ಮಲಗಿದ್ದರು. ಬೆಳಿಗ್ಗೆ ಬಂದ ಚಿಕ್ಕತ್ತೆಗೆ ಹೇಳಿದೆ. "ಗೊತ್ತು" ಎಂದರು. "ನಾನೂ ಮಲಗಿದ್ದೆ."

ಇಷ್ಟಾದ ಮೇಲೆ ಅವರ ಮನಸ್ಸು ಕರಗಿತು ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಒಮ್ಮೆಯೂ ಅವರು ಅತ್ತೆಯನ್ನು 'ಅಕ್ಕ' ಎನ್ನಲಿಲ್ಲ. ತುತ್ತು ಕೊಡುವಾಗಲೂ, "ನುಂಗು, ನಿನ್ನ ನಾಲಿಗೆಗೆ ಇಷ್ಟು ಒಳ್ಳೇದು ಹೆಚ್ಚೇ ಆಯ್ತು" ಎನ್ನುತ್ತಿದ್ದರು. ಅತ್ತೆ ಮಾತ್ರ ನೋವು ಇಳಿದಂತೆ ಮೃದುವಾಗುತ್ತಾ ಹೋದರು. ನಾನು ಕಂಡ ಅತ್ತೆಯಲ್ಲಿ ಆ ಮೃದುತನ ಇರಲೇ ಇಲ್ಲ. ಒಂದು ಮಧ್ಯಾಹ್ನ ಚಿಕ್ಕತ್ತೆಯ ಮುಖ ನೋಡಿ, "ನೀವು ಯಾರು?" ಎಂದು ಕೇಳಿದರು.

"ನಿನ್ನ ಶತ್ರು."

"ಹೌದಾ? ಊಟ ಆಯ್ತಾ?"

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕತ್ತೆ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಹೋಗುವಾಗ ಬಾಗಿಲ ಹತ್ತಿರ ನಿಂತು, "ನೋಡಿದ್ಯಾ, ಎಷ್ಟು ಸುಲಭವಾಗಿ ತಪ್ಪಿಸ್ಕೊಂಡ್ಲು" ಎಂದರು. "ಅವಳು ಮರೆತು ಆರಾಮಾಗಿದ್ದಾಳೆ. ನಾನೊಬ್ಬಳೇ ಹೊತ್ಕೊಂಡು ಸಾಯಬೇಕು."

ಕೆಲವು ದಿನ ಕಳೆದು ಆ ಸಿಟ್ಟು ಸ್ಫೋಟಿಸಿಯೇಬಿಟ್ಟಿತು. ನಾನು ಅಡುಗೆಮನೆಯಲ್ಲಿದ್ದೆ. ಎರಡರ ಮಾತ್ರೆ ಕೊಟ್ಟಾಗಿತ್ತು. ಅತ್ತೆ ಏನೋ ಹೇಳಿ ನಕ್ಕಿದ್ದು ಕೇಳಿಸಿತು. ಕೂಡಲೇ ಚಿಕ್ಕತ್ತೆಯ ದನಿ ಏರಿತು.

"ನಗ್ತೀಯಾ? ಎಂಟು ತಿಂಗಳು ಮಲಗಿದ್ದ ಮನುಷ್ಯ. ಇದೇ ನಡುಮನೇಲಿ. ಉಸಿರೆಳೆಯೋಕ್ಕಾಗದೆ ನರಳ್ತಿದ್ದ. ಮಂಚದ ಹತ್ರ ನಿಂತು 'ಬೇಗ ಸಾಯಬಾರದಾ' ಅಂದೆ. ಅವನು ಕೇಳಿಸ್ಕೊಂಡ. ಟವೆಲು ಕಚ್ಕೊಂಡು ಸತ್ತ! ಹೇಳು, ಯಾಕೆ ಹಾಗಂದೆ?"

ನಾನು ಓಡಿಬಂದೆ. ಅತ್ತೆ ಕಣ್ಣು ಅರಳಿಸಿ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಅವರ ಕಣ್ಣಲ್ಲಿ ನೀರು ತುಂಬಿತು.

"ಅಯ್ಯೋ" ಎಂದರು. "ಸಾಯೋ ಮನುಷ್ಯನಿಗೆ ಯಾರಾದ್ರೂ ಹಾಗಂತಾರಾ? ಎಂಥಾ ಕಟುಕಿ ಅವಳು! ಯಾರಮ್ಮ ಹಾಗಂದಿದ್ದು?"

ಅತ್ತೆ ಒಳ್ಳೆಯ ಕೈಯನ್ನು ಚಾಚಿ ಚಿಕ್ಕತ್ತೆಯ ಮೊಣಕಾಲು ತಟ್ಟಿದರು. "ನೀವು ಸುಮ್ನೆ ಬಿಡಬೇಡಿ ಅವಳನ್ನ" ಎಂದರು.

ಚಿಕ್ಕತ್ತೆ ಎದ್ದು ಹೊರಟುಹೋದರು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದರು. ಇನ್ನು ಬರುವುದಿಲ್ಲ ಎಂದುಕೊಂಡು ನಾನು ರಾತ್ರಿಯ ಮಾತ್ರೆಗೆ ಏನು ಮಾಡುವುದೆಂದು ಯೋಚಿಸುತ್ತಿದ್ದೆ. ಒಂಬತ್ತಕ್ಕೆ ಸರಿಯಾಗಿ ಬಂದರು. ಕಣ್ಣು ಊದಿಕೊಂಡಿದ್ದವು. "ನೀರು ತಾ" ಎಂದರು, ಅಷ್ಟೇ.

ಅತ್ತೆ ಆಮೇಲೆ ಹದಿನಾಲ್ಕು ತಿಂಗಳು ಇದ್ದರು. ಕೈ ಕೂಡಿತು, ಪೂರ್ತಿ ಮೇಲೆ ಏಳುತ್ತಿರಲಿಲ್ಲ. ನಡುವೆ ಒಮ್ಮೆ ಕಟ್ಟಿದ ಹಲ್ಲಿನ ಸೆಟ್ಟು ವಸಡಿಗೆ ಒತ್ತಿ ಹುಣ್ಣಾಗಿ ಊಟ ಬಿಟ್ಟರು. ಚಿಕ್ಕತ್ತೆ ಎರಡೇ ದಿನದಲ್ಲಿ ಕಂಡುಹಿಡಿದರು. ಇನ್ನೊಮ್ಮೆ ಮಲಬದ್ಧತೆಗೆ ಚಡಪಡಿಸಿದರು, ನನಗೇ ಗೊತ್ತಾಯಿತು. ಅದಕ್ಕೆ ಶಭಾಶ್ ಏನೂ ಸಿಗಲಿಲ್ಲ. "ಗೊತ್ತಾಗದೆ ಏನು ಕೇಡು" ಎಂದರು. ಕೊನೆಗೆ ಎದೆಯಲ್ಲಿ ಕಫ ಕಟ್ಟಿ, ಒಂದು ಮಧ್ಯಾಹ್ನ ಮೂರು ಗಂಟೆಗೆ, ಬಿಸಿಲು ಹಾಸಿಗೆಯ ಮೇಲೆ ಬಿದ್ದಿರುವಾಗ ಅತ್ತೆ ತೀರಿಕೊಂಡರು. ಹಣೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

ನೋಡಲು ಬಂದವರೆಲ್ಲ ಚಿಕ್ಕತ್ತೆಯನ್ನು ಸುತ್ತಿಕೊಂಡರು. ಒಬ್ಬ ದೂರದ ಸಂಬಂಧಿ, "ಸ್ವಂತ ಅಕ್ಕನ ಹಾಗೆ ನೋಡ್ಕೊಂಡ್ರಿ" ಎಂದು ಕಣ್ಣೊರೆಸಿಕೊಂಡರು.

"ಅಕ್ಕಾನೂ ಅಲ್ಲ, ಮಣ್ಣೂ ಅಲ್ಲ" ಎಂದರು ಚಿಕ್ಕತ್ತೆ. "ಅವಳು ಕೆಟ್ಟವಳು. ನೋವಿಲ್ಲದೆ ಹೋದ್ಲು. ನನ್ನ ಗಂಡ ಒಳ್ಳೆಯವನು, ಅವನಿಗೆ ಅಷ್ಟೂ ಸಿಗಲಿಲ್ಲ."

ಸಾವಿನ ಮನೆಯಲ್ಲಿ ಆಡುವ ಮಾತೇ ಎಂದು ಜನ ಮುಖ ಸಿಂಡರಿಸಿದರು. ನನ್ನ ಗಂಡ ಮಾತ್ರ ಒಳಗೆ ಹೋಗಿ ಅವರಿಗೆ ಒಂದು ಲೋಟ ಟೀ ತಂದುಕೊಟ್ಟರು. ಕುಡಿದರು.

ಈಗ ಚಿಕ್ಕತ್ತೆಗೆ ಎಪ್ಪತ್ತೊಂದು. ನಮ್ಮ ಬೀದಿಯಲ್ಲಿ, ಪಕ್ಕದ ಬೀದಿಗಳಲ್ಲಿ, ಎಲ್ಲಿ ಮರೆವಿನ ಮುದುಕರು ಕೂಗುತ್ತಾರೋ ಅಲ್ಲಿಗೆ ಹೋಗುತ್ತಾರೆ. ಕರೆದರೂ ಹೋಗುತ್ತಾರೆ, ಕರೆಯದಿದ್ದರೂ. ಹೋದಲ್ಲೆಲ್ಲ ಮನೆಯವರಿಗೆ ಬೈಯುತ್ತಾರೆ. ಹೀಗಾಗಿ ಅವರನ್ನು ಕಂಡರೆ ಆಗದವರೇ ಹೆಚ್ಚು. ಹೋದ ವಾರ ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರ ಮನೆಗೆ ಹೋಗಿದ್ದರು. ಕಾಲಿಗೆ ಚಪ್ಪಲಿ ತೊಡಿಸಲು ಹೋದವರಿಗೆಲ್ಲ ಅವರು ಒದೆಯುತ್ತಾರಂತೆ, ಮಂಚಕ್ಕೆ ಕಟ್ಟಿಹಾಕಿದ್ದರಂತೆ. ಕಾಲು ನೋಡಬೇಕು ಎಂದದ್ದಕ್ಕೆ ಮಗ, "ನಮ್ಮ ಮನೆ ವಿಷಯಕ್ಕೆ ನೀವ್ಯಾರು?" ಎಂದು ತೋಳು ಹಿಡಿದು ಹೊರಗೆ ನೂಕಿದ. ಮೊಣಕೈ ತರಚಿಕೊಂಡು ಮನೆಗೆ ಬಂದರು.

ಮಾರನೇ ದಿನ ಬೆಳಿಗ್ಗೆ ನನ್ನ ಬಾಗಿಲು ಬಡಿದರು. "ಅಂಗಡಿಗೆ ರಜೆ ಹೇಳು. ಅವನು ಹತ್ತಕ್ಕೆ ಕೆಲಸಕ್ಕೆ ಹೋಗ್ತಾನೆ. ಸೊಸೆ ಒಬ್ಬಳೇ ಇರ್ತಾಳೆ."

ಹೋದೆವು. ಸೊಸೆ ಬಾಗಿಲನ್ನು ಅರ್ಧ ತೆರೆದು ನಿಂತಳು. ಅವಳ ಕಣ್ಣಿನ ಕೆಳಗೆ ಕಪ್ಪಗಿತ್ತು. ಚಿಕ್ಕತ್ತೆ ಏನಾದರೂ ಹೇಳುವ ಮೊದಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮುದುಕರ ಎಡಗಾಲಿನ ಹೆಬ್ಬೆರಳಿನ ಉಗುರು ಬಾಗಿ ಬೆಳೆದು ಮಾಂಸದೊಳಗೆ ಇಳಿದಿತ್ತು. ಸುತ್ತ ಕೀವು ಕಟ್ಟಿತ್ತು. ಅಲ್ಲಿ ಗಾಳಿ ಸೋಕಿದರೂ ಅವರು ಹಲ್ಲು ಕಚ್ಚುತ್ತಿದ್ದರು.

"ಮೊದಲು ಈ ಮಂಚದ ಕಟ್ಟು ಬಿಚ್ಚು" ಎಂದು ಚಿಕ್ಕತ್ತೆ ಕಣ್ಣು ತುಂಬಿಕೊಂಡಿದ್ದ ಸೊಸೆಗೆ ಹೇಳಿದರು. "ಆಮೇಲೆ ಅಳುವಿಯಂತೆ. ಬಿಸಿನೀರು ಕಾಯಿಸು."

ಅವಳು ಒಳಗೆ ಓಡಿದಳು. ನಾನು ಬೇಸಿನ್ ಹಿಡಿದುಕೊಂಡು ನೆಲದ ಮೇಲೆ ಕೂತೆ.